ಮೊದಲ ಪ್ಯಾಚ್ ಕಳಿಸೋ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ "ಓಪನ್ ಸೋರ್ಸ್‌ಗೆ ಕೋಡ್ ಕೊಡೋ ಆಸೆ ಇದ್ದು ಎಲ್ಲೋ ಸಿಕ್ಕಿಹಾಕ್ಕೊಂಡಿರೋರು ಬರೀರಿ" ಅಂತ ಒಂದು ಸಾಲು ಹಾಕಿದ್ವಿ. ಓಪನ್ ಸೋರ್ಸ್ ಅಂದ್ರೆ ಕೋಡನ್ನ ಯಾರು ಬೇಕಾದ್ರೂ ಓದಿ ತಿದ್ದಬಹುದಾದ ಸಾಫ್ಟ್‌ವೇರ್. ಬಂದ ಪತ್ರಗಳನ್ನ ಎರಡು ರಾತ್ರಿ ಕೂತು ಓದಿದೆ. ಅರ್ಧಕ್ಕೂ ಜಾಸ್ತಿ ಜನ ಕೇಳಿರೋದು ಲಿನಕ್ಸ್ ಕರ್ನಲ್ ಬಗ್ಗೇನೇ, ಅಂದ್ರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ ಬಗ್ಗೆ, ನಾನೂ ಪ್ಯಾಚ್ ಕಳಿಸೋದು ಕಲಿತಿದ್ದು ಅಲ್ಲೇ, ಹಾಗಾಗಿ ಈ ಸಲ ಅದನ್ನೇ ಮುಂದಿಟ್ಕೊಂಡು ಮಾತಾಡ್ತೀನಿ. ಒಂದೇ ತರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಆರನೇ ಸೆಮ್. ಸಿ ಚೆನ್ನಾಗಿ ಬರುತ್ತೆ. ಸೀನಿಯರ್ಸ್ ಎಲ್ಲಾ ಓಪನ್ ಸೋರ್ಸ್ ಮಾಡು ಮಾಡು ಅಂತಾರೆ, ಕರ್ನಲ್ ಕೋಡ್ ಇಳಿಸ್ಕೊಂಡು ನೋಡಿದ್ರೆ ತಲೆ ತಿರುಗುತ್ತೆ. ಎಲ್ಲಿಂದ ಶುರು ಮಾಡ್ಲಿ? ಅಸಲಿಗೆ ಪ್ಯಾಚ್ ಅಂದ್ರೆ ಏನು ಮೇಡಂ?
(ತುಮಕೂರಿನ ವಿದ್ಯಾರ್ಥಿನಿ)

ಕೊನೇ ಪ್ರಶ್ನೆ ಮೊದಲು ತಗೋತೀನಿ. ಪ್ಯಾಚ್ ಅಂದ್ರೆ ತೇಪೆ. ನಮ್ಮಜ್ಜಿ ಹರಿದ ಪಂಚೆಗೆ ಹಾಕ್ತಿದ್ರಲ್ಲ, ಅದೇ. ಇಡೀ ಪಂಚೆ ಹೊಸದಾಗಿ ನೇಯೋ ಕೆಲಸ ಅಲ್ಲ ಅದು, ಎಲ್ಲಿ ಹರಿದಿದೆ, ಅಲ್ಲಿ ಏನು ತೆಗೀಬೇಕು ಏನು ಹಾಕ್ಬೇಕು, ಅಷ್ಟೇ. ಕಂಪ್ಯೂಟರಲ್ಲಿ ಅದೊಂದು ಸಾದಾ ಟೆಕ್ಸ್ಟ್ ಫೈಲು, ತೆಗೆಯೋ ಸಾಲಿನ ಮುಂದೆ ಮೈನಸ್, ಸೇರಿಸೋ ಸಾಲಿನ ಮುಂದೆ ಪ್ಲಸ್, ಜಾಗ ಗೊತ್ತಾಗ್ಲಿ ಅಂತ ಮೇಲೆ ಮೂರು ಕೆಳಗೆ ಮೂರು ಹಳೇ ಸಾಲು ಇದ್ದಂಗೇ ಇರುತ್ವೆ. 1985ರಲ್ಲಿ ಲ್ಯಾರಿ ವಾಲ್ ಅನ್ನೋರು, ಮುಂದೆ ಪರ್ಲ್ ಭಾಷೆ ಮಾಡಿದವ್ರು ಅವ್ರೇ, ಇಂಥ ವ್ಯತ್ಯಾಸದ ಪಟ್ಟಿ ಓದ್ಕೊಂಡು ಹಳೇ ಫೈಲನ್ನ ತಾನೇ ತಿದ್ದೋ ಪ್ರೋಗ್ರಾಂ ಬರೆದ್ರು, ಅದರ ಹೆಸರೇ ಪ್ಯಾಚ್. ಇವತ್ತು ಗಿಟ್‌ಹಬ್‌ನಲ್ಲಿ, ಅಂದ್ರೆ ಕೋಡ್ ಇಟ್ಟು ಹಂಚ್ಕೊಳ್ಳೋ ವೆಬ್‌ಸೈಟಲ್ಲಿ, ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ತಗೊಳ್ಳಿ ಅನ್ನೋ ಕೋರಿಕೆ) ಅಂತ ಬಟನ್ ಒತ್ತಿದ್ರೂ ಆ ಕಡೆಯವ್ರು ನೋಡೋದು ಅದೇ ಕೆಂಪು ಸಾಲು ಹಸಿರು ಸಾಲು.

ಇನ್ನು ಎಲ್ಲಿಂದ ಶುರು ಅನ್ನೋದು. ಕರ್ನಲ್ ಪೂರ್ತಿ ಅರ್ಥ ಮಾಡ್ಕೊಂಡೇ ಕೈ ಹಾಕ್ತೀನಿ ಅಂತ ಕೂತ್ರೆ ಯಾವತ್ತೂ ಶುರು ಆಗಲ್ಲ, ಅಲ್ಲಿ ಇಪ್ಪತ್ತು ವರ್ಷದಿಂದ ಇರೋರೂ ತಮ್ಮ ಮೂಲೆ ಬಿಟ್ಟು ಬೇರೆ ಕಡೆ ಹೋದ್ರೆ ಕೇಳ್ಕೊಂಡೇ ನಡೀತಾರೆ. ಮೊದಲು ಬಿಲ್ಡ್ ಮಾಡಿ, ಅಂದ್ರೆ ಕೋಡನ್ನ ಓಡೋ ಪ್ರೋಗ್ರಾಂ ಆಗಿ ಬದಲಾಯಿಸಿ, ನೀವು ಬಿಲ್ಡ್ ಮಾಡಿದ ಕರ್ನಲ್‌ನಲ್ಲೇ ನಿಮ್ಮ ಲ್ಯಾಪ್‌ಟಾಪ್ ಬೂಟ್ ಆಗ್ಲಿ. ಹಳೇ ಲ್ಯಾಪ್‌ಟಾಪ್ ಆದ್ರೆ ಪೂರ್ತಿ ಬಿಲ್ಡ್‌ಗೆ ಗಂಟೆಗಟ್ಲೆ ಹಿಡಿಯುತ್ತೆ, ಅದಕ್ಕೆ ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ ಅಂತ ಒಂದಿದೆ, ನಿಮ್ಮ ಮಷೀನ್‌ನಲ್ಲಿ ಈಗ ಲೋಡ್ ಆಗಿರೋ ಮಾಡ್ಯೂಲ್ ಮಾತ್ರ ಇಟ್ಕೊಂಡು ಉಳಿದಿದ್ದನ್ನ ಬಿಡುತ್ತೆ, ಸಮಯ ಎಷ್ಟೋ ಉಳಿಯುತ್ತೆ. ಮೊಬೈಲ್ ಡೇಟಾದಲ್ಲಿ ಕೋಡ್ ಇಳಿಸ್ಕೋತೀರಾ ಅಂದ್ರೆ ಗಿಟ್‌ನಿಂದ (ಕೋಡ್ ಬದಲಾವಣೆಗಳ ಇತಿಹಾಸ ಇಡೋ ಪ್ರೋಗ್ರಾಂ) ಕ್ಲೋನ್ ಮಾಡೋವಾಗ, ಅಂದ್ರೆ ನಕಲು ಇಳಿಸ್ಕೊಳ್ಳೋವಾಗ, ಡೆಪ್ತ್ ಒಂದು ಅಂತ ಕೊಡಿ, ಹಳೇ ಇತಿಹಾಸ ಬಿಟ್ಟು ಇವತ್ತಿನ ಕೋಡ್ ಮಾತ್ರ ಬರುತ್ತೆ. ಆದ್ರೆ ಮುಂದೊಂದಿನ ಈ ಸಾಲು ಯಾರು ಯಾವಾಗ ಬರೆದ್ರು ಅಂತ ಹುಡುಕ್ಬೇಕಾದ್ರೆ ಆ ಇತಿಹಾಸ ಬೇಕೇ ಬೇಕು, ಕಾಲೇಜಿನ ವೈಫೈ ಸಿಕ್ಕಾಗ ಅದನ್ನೂ ಇಳಿಸ್ಕೊಂಡುಬಿಡಿ.

ಆಮೇಲೆ ಡ್ರೈವರ್ಸ್ ಫೋಲ್ಡರ್ ಒಳಗೆ ಸ್ಟೇಜಿಂಗ್ ಅಂತ ಒಂದು ಜಾಗ ಇದೆ. ಇನ್ನೂ ಪೂರ್ತಿ ಹದಕ್ಕೆ ಬರದ ಡ್ರೈವರ್‌ಗಳು (ಹಾರ್ಡ್‌ವೇರ್ ನಡೆಸೋ ಕೋಡ್) ಅಲ್ಲಿರುತ್ವೆ, ಗ್ರೆಗ್ ಕ್ರೋ-ಹಾರ್ಟ್‌ಮನ್ ನೋಡ್ಕೋತಾರೆ, ಹೊಸಬರು ಕೈ ಪಳಗಿಸ್ಕೊಳ್ಳೋಕೆ ಅದಕ್ಕಿಂತ ಒಳ್ಳೆ ಜಾಗ ಕರ್ನಲ್‌ನಲ್ಲಿ ಇಲ್ಲ. ಚೆಕ್‌ಪ್ಯಾಚ್ ಅನ್ನೋ ಸ್ಕ್ರಿಪ್ಟ್ ಓಡಿಸಿದ್ರೆ ಎಲ್ಲಿ ಟ್ಯಾಬ್ ತಪ್ಪಿದೆ, ಎಲ್ಲಿ ಸಾಲು ಉದ್ದ ಆಗಿದೆ ಅಂತ ತೋರಿಸುತ್ತೆ, ಒಂದು ತರದ ತಪ್ಪು ಮಾತ್ರ ತಗೊಂಡು ಒಂದು ಪ್ಯಾಚ್ ಮಾಡಿ ಕಳಿಸಿ. ಬೇರೆ ಸಬ್‌ಸಿಸ್ಟಮ್‌ಗಳಿಗೆ, ಅಂದ್ರೆ ಕರ್ನಲ್‌ನ ಬೇರೆ ಭಾಗಗಳಿಗೆ, ಬರೀ ಸ್ಟೈಲ್ ತಿದ್ದಿದ ಪ್ಯಾಚ್ ಕಳಿಸ್ಬೇಡಿ, ಅಲ್ಲಿ ತುಂಬಾ ಜನಕ್ಕೆ ಅದು ಇಷ್ಟ ಆಗಲ್ಲ, ಅದಕ್ಕೆ ಕಾರಣಾನೂ ಇದೆ. ನೀವು ಪ್ಯಾಚ್ ಕೊಟ್ಟು ಪರೀಕ್ಷೆ ಓದೋಕೆ ಹೋಗ್ತೀರಿ, ಆ ಸಾಲುಗಳನ್ನ ಇನ್ನು ಹತ್ತು ವರ್ಷ ನೋಡ್ಕೋಬೇಕಾದೋರು ಮೇಂಟೇನರ್. ಪ್ಯಾಚ್ ಚಿಕ್ಕದಿರ್ಲಿ, ಯಾಕೆ ಅಂತ ಬರೀರಿ, ಟೆಸ್ಟ್ ಮಾಡಿ ಅಂತ ಎಲ್ಲರೂ ಹೇಳ್ತಾರಲ್ಲ, ಅದೆಲ್ಲ ಹುಟ್ಟಿರೋದು ಇದರಿಂದಾನೇ ಅಂತ ನನಗೆ ಅರ್ಥ ಆಗೋಕೆ ಒಂದು ವರ್ಷ ಹಿಡೀತು.

ಪ್ರಶ್ನೆ: ಜಿಮೇಲ್‌ನಲ್ಲಿ ಪ್ಯಾಚ್ ಪೇಸ್ಟ್ ಮಾಡಿ ಮೇಂಟೇನರ್‌ಗೆ ಕಳಿಸಿದೆ. ಮೇಲಿಂಗ್ ಲಿಸ್ಟಿಂದ (ಸದಸ್ಯರಿಗೆಲ್ಲ ಮೇಲ್ ಹಂಚೋ ವಿಳಾಸ) ಮೇಲ್ ವಾಪಸ್ ಬಂತು, ಮೇಂಟೇನರ್ ಒಂದೇ ಸಾಲು ಬರೆದ್ರು, ವೈಟ್‌ಸ್ಪೇಸ್ ಹಾಳಾಗಿದೆ, ಅಪ್ಲೈ ಆಗ್ತಿಲ್ಲ ಅಂತ. ನನ್ನ ಕೋಡ್ ಸರಿಯಾಗೇ ಇದೆಯಲ್ಲ, ಇದಕ್ಕೆ ಗಿಟ್‌ಹಬ್‌ನಲ್ಲೇ ಪುಲ್ ರಿಕ್ವೆಸ್ಟ್ ಹಾಕ್ಬಹುದಾ?
(ಮೈಸೂರು)

ಹಾಕ್ಬೇಡಿ. ಗಿಟ್‌ಹಬ್‌ನಲ್ಲಿ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಹೆಸರಲ್ಲಿ ಕಾಣೋ ಕರ್ನಲ್ ಬರೀ ಕನ್ನಡಿ, ಅಲ್ಲಿ ಹಾಕೋ ಪುಲ್ ರಿಕ್ವೆಸ್ಟ್ ಯಾರೂ ತಗೊಳ್ಳಲ್ಲ. ಕರ್ನಲ್‌ಗೆ ಪ್ಯಾಚ್ ಹೋಗೋದು ಮೇಲ್‌ನಲ್ಲೇ.

ನಿಮ್ಮ ಕೋಡ್ ಸರಿ ಇದೆ, ದಾರೀಲಿ ಹಾಳಾಗಿದೆ. ನನ್ನ ಮೊದಲ ಪ್ಯಾಚೂ ಇದೇ ಕಾರಣಕ್ಕೆ ವಾಪಸ್ ಬಂದಿತ್ತು, ಆವತ್ತು ಸ್ಕ್ರೀನ್ ಮುಂದೆ ಕೂತು ಎರಡು ಫೈಲನ್ನ ಪಕ್ಕಪಕ್ಕ ಇಟ್ಟು ನೋಡಿದಾಗ ಏನೂ ವ್ಯತ್ಯಾಸ ಕಾಣ್ಲಿಲ್ಲ, ಆಮೇಲೆ ಎಡಿಟರ್‌ನಲ್ಲಿ ಕಾಣದ ಅಕ್ಷರ ತೋರಿಸು ಅಂತ ಆನ್ ಮಾಡಿದ್ರೆ ಒಂದರಲ್ಲಿ ಸಾಲಿನ ಮುಂದೆ ಒಂದು ಟ್ಯಾಬ್, ಇನ್ನೊಂದರಲ್ಲಿ ಅದೇ ಜಾಗದಲ್ಲಿ ಎಂಟು ಸ್ಪೇಸು. ಕರ್ನಲ್ ಕೋಡ್‌ನಲ್ಲಿ ಇಂಡೆಂಟ್ ಅಂದ್ರೆ ಟ್ಯಾಬು, ಎಂಟು ಅಕ್ಷರ ಅಗಲದ್ದು. ಜಿಮೇಲ್‌ನ ಬ್ರೌಸರ್ ಕಿಟಕೀಲಿ ಪೇಸ್ಟ್ ಮಾಡಿದ್ರೆ ಟ್ಯಾಬ್ ಎಲ್ಲಾ ಸ್ಪೇಸ್ ಆಗುತ್ತೆ, 78 ಅಕ್ಷರ ದಾಟಿದ ಸಾಲು ಮುರಿದು ಎರಡಾಗುತ್ತೆ. ಪ್ಯಾಚ್ ಪ್ರೋಗ್ರಾಂ ಹಳೇ ಸಾಲನ್ನ ಅಕ್ಷರಕ್ಕೆ ಅಕ್ಷರ ಹೋಲಿಸಿ ಜಾಗ ಹುಡುಕುತ್ತೆ, ಟ್ಯಾಬ್ ಇರೋ ಕಡೆ ಸ್ಪೇಸ್ ಸಿಕ್ಕಿದ್ರೆ ಇದು ಆ ಜಾಗ ಅಲ್ಲ ಅಂತ ನಿಂತುಬಿಡುತ್ತೆ. ಇನ್ನು ಲಿಸ್ಟಿಂದ ವಾಪಸ್ ಬಂದಿದ್ದು ಎಚ್‌ಟಿಎಂಎಲ್ ಮೇಲ್ ಅನ್ನೋ ಕಾರಣಕ್ಕೆ, ಕರ್ನಲ್ ಲಿಸ್ಟ್‌ಗಳು ಸಾದಾ ಟೆಕ್ಸ್ಟ್ ಬಿಟ್ಟು ಬೇರೆ ತಗೊಳ್ಳಲ್ಲ.

ದಾರಿ ಹೀಗಿದೆ. ಕಮಿಟ್ ಮಾಡಿದ ಮೇಲೆ, ಅಂದ್ರೆ ಬದಲಾವಣೇನ ಗಿಟ್‌ನಲ್ಲಿ ದಾಖಲು ಮಾಡಿದ ಮೇಲೆ, ಗಿಟ್ ಫಾರ್ಮ್ಯಾಟ್-ಪ್ಯಾಚ್ ಅಂತ ಕೊಟ್ರೆ ಒಂದು ಫೈಲ್ ಆಗುತ್ತೆ, ಅದರ ಮೇಲೆ ಚೆಕ್‌ಪ್ಯಾಚ್ ಓಡಿಸಿ. ಗೆಟ್-ಮೇಂಟೇನರ್ ಅನ್ನೋ ಸ್ಕ್ರಿಪ್ಟ್‌ಗೆ ಅದೇ ಫೈಲ್ ಕೊಟ್ರೆ ಯಾರಿಗೆ ಕಳಿಸ್ಬೇಕು, ಯಾವ ಲಿಸ್ಟ್‌ಗೆ ಕಾಪಿ ಹಾಕ್ಬೇಕು ಅಂತ ಹೆಸರು ವಿಳಾಸ ಸಮೇತ ಕೊಡುತ್ತೆ, ಊಹೆ ಮಾಡೋದು ಬೇಡ. ಕಳಿಸೋದು ಗಿಟ್ ಸೆಂಡ್-ಇಮೇಲ್ ಕಮಾಂಡ್‌ನಿಂದ. ಉಬುಂಟುನಲ್ಲಿ ಗಿಟ್ ಇದ್ರೂ ಇದು ಇರಲ್ಲ, ಗಿಟ್-ಇಮೇಲ್ ಅನ್ನೋ ಪ್ಯಾಕೇಜ್ ಬೇರೆ ಹಾಕ್ಕೋಬೇಕು, ಇದು ಗೊತ್ತಿಲ್ದೆ ಎಷ್ಟೋ ಜನ ಕಮಾಂಡೇ ಇಲ್ಲ ಅಂತ ಕೈ ಬಿಟ್ಟಿದಾರೆ. ಜಿಮೇಲ್ ಖಾತೆ ಇದ್ರೆ ಸಾಕು, ಆದ್ರೆ ಮಾಮೂಲಿ ಪಾಸ್‌ವರ್ಡ್ ನಡೆಯಲ್ಲ, ಟು-ಸ್ಟೆಪ್ ವೆರಿಫಿಕೇಷನ್ ಆನ್ ಮಾಡಿ ಆಪ್ ಪಾಸ್‌ವರ್ಡ್ ಅಂತ ಒಂದು ಬೇರೆ ತಗೋಬೇಕು.

ಮತ್ತೆ ಇದೊಂದನ್ನ ದಯವಿಟ್ಟು ಮಾಡಿ, ಮೊದಲ ಸಲ ನಿಮಗೇ ಕಳಿಸ್ಕೊಳ್ಳಿ. ಬಂದ ಮೇಲ್‌ನ ಒರಿಜಿನಲ್ ರೂಪದಲ್ಲಿ ಡೌನ್‌ಲೋಡ್ ಮಾಡಿ, ಆ ತಿದ್ದುಪಡಿ ಇಲ್ಲದ ಬೇರೆ ಬ್ರಾಂಚ್‌ನಲ್ಲಿ (ಕೋಡ್‌ನ ಇನ್ನೊಂದು ಕವಲಲ್ಲಿ) ನಿಂತು ಗಿಟ್ ಎಎಂ ಅಂತ ಕೊಟ್ಟು ಆ ಫೈಲ್ ಹಾಕಿ. ಸರಾಗವಾಗಿ ಕೂತ್ಕೊಂಡ್ರೆ ಮೇಂಟೇನರ್ ಹತ್ರಾನೂ ಕೂರುತ್ತೆ. ಹತ್ತು ನಿಮಿಷದ ಕೆಲಸ, ಮೊದಲ ಸಲ ಕಳಿಸೋವಾಗ ಎದೆ ಹೊಡ್ಕೊಳ್ಳುತ್ತಲ್ಲ, ಅದೂ ಎಷ್ಟೋ ಕಡಿಮೆ ಆಗುತ್ತೆ.

ಪ್ರಶ್ನೆ: ನಮಸ್ಕಾರ್ರಿ ಮೇಡಂ. ನಾ ಹುಬ್ಬಳ್ಳ್ಯಾಗ ಡಿಪ್ಲೊಮಾ ಓದಾಕತ್ತೀನಿ, ಹತ್ತನೇತ್ತದ ತನಕ ಕನ್ನಡ ಸಾಲಿ. ಕೋಡ್ ತಿಳೀತೈತಿ, ಇಂಗ್ಲಿಷ್ ಅಷ್ಟಕ್ಕಷ್ಟ. ಪ್ಯಾಚ್ ಜೋಡಿ ಬರಿಯೋ ಮೆಸೇಜ್ ತಪ್ಪಾದ್ರ ನಗತಾರೇನೋ ಅಂತ ಅಂಜಿಕಿ. ಒಂದು ಮೆಮೊರಿ ಲೀಕ್ ಹುಡುಕೀನಿ, ಕಳಸಬೇಕೋ ಬ್ಯಾಡೋ?
(ಹುಬ್ಬಳ್ಳಿ)

ಕಳಿಸ್ಬೇಕು ತಮ್ಮಾ, ಖಂಡಿತ ಕಳಿಸ್ಬೇಕು. ನಿನ್ನ ಪತ್ರ ಓದಿ ತುಂಬಾ ಹೊತ್ತು ಬೇರೆ ಕೆಲಸ ಮಾಡೋಕೆ ಆಗ್ಲಿಲ್ಲ ನನಗೆ. ಕರ್ನಲ್‌ನ ಒಂದೊಂದು ಬಿಡುಗಡೇಲೂ ಸುಮಾರು 2000 ಜನರ ಕೆಲಸ ಇರುತ್ತೆ, ಅದರಲ್ಲಿ ಇಂಗ್ಲಿಷ್ ಮನೆ ಮಾತಲ್ಲದವ್ರು ಬೇಕಾದಷ್ಟು. ಲಿನಸ್ ಟೊರ್ವಾಲ್ಡ್ಸ್‌ದೇ ಮನೆ ಮಾತು ಸ್ವೀಡಿಷ್, ಫಿನ್ಲೆಂಡ್‌ನವ್ರು. ವ್ಯಾಕರಣ ತಪ್ಪಿದ್ರೆ ಮೇಂಟೇನರ್ ತಾನೇ ತಿದ್ದಿ ಹಾಕ್ಕೋತಾರೆ, ನನ್ನ ಎಷ್ಟೋ ಮೆಸೇಜ್ ಹಾಗೇ ತಿದ್ದಿಸ್ಕೊಂಡು ಒಳಗೆ ಹೋಗಿದೆ. ಅವ್ರಿಂದ ತಿದ್ದೋಕಾಗ್ದೇ ಇರೋದು ಒಂದೇ, ನೀನು ಯಾಕೆ ಮಾಡಿದೆ ಅನ್ನೋದು. ಅದು ನಿನ್ನ ತಲೇಲಿ ಮಾತ್ರ ಇರುತ್ತೆ.

ನಿನ್ನ ಲೀಕ್ ಬಗ್ಗೆ ನೀನು ಬರೆದಿರೋದನ್ನೇ ತಗೊಂಡು ತೋರಿಸ್ತೀನಿ. (ಬೇರೆ ಓದುಗರಿಗೆ: ಲೀಕ್ ಅಂದ್ರೆ ತಗೊಂಡ ಮೆಮೊರಿ ವಾಪಸ್ ಕೊಡದೇ ಇರೋದು, ಪ್ರೋಬ್ ಅಂದ್ರೆ ಹಾರ್ಡ್‌ವೇರ್ ಸಿಕ್ಕಾಗ ಅದನ್ನ ಸಜ್ಜು ಮಾಡೋ ಡ್ರೈವರ್‌ನ ಫಂಕ್ಷನ್.) ಮೊದಲ ಸಾಲು, ಅಂದ್ರೆ ಸಬ್ಜೆಕ್ಟ್, "ಬಗ್ ಸರಿ ಮಾಡಿದೀನಿ" ಅಂತ ಇದ್ರೆ ಯಾವ ಬಗ್ಗು ಎಲ್ಲಿ ಅಂತ ಯಾರಿಗೂ ಗೊತ್ತಾಗಲ್ಲ. ಮೊದಲು ಸಬ್‌ಸಿಸ್ಟಮ್ ಹೆಸರು, ಕೋಲನ್, ಡ್ರೈವರ್ ಹೆಸರು, ಕೋಲನ್, ಆಮೇಲೆ "ಪ್ರೋಬ್ ಎರರ್ ದಾರೀಲಿ ಮೆಮೊರಿ ಲೀಕ್ ಸರಿಪಡಿಸು". ಮಾಡಿದೆ ಅಂತಲ್ಲ, ಮಾಡು ಅಂತ, ಕೋಡ್‌ಗೆ ಅಪ್ಪಣೆ ಕೊಟ್ಟಂಗೆ. ಆ ಫೈಲಿನ ಹಳೇ ಗಿಟ್ ಲಾಗ್ ತೆಗೆದು ಬೇರೆಯವ್ರು ಹೆಸರು ಹೇಗೆ ಹಾಕಿದಾರೆ ನೋಡ್ಕೊಂಡು ಹಾಗೇ ಹಾಕು. ಒಂದು ಸಾಲು ಬಿಟ್ಟು ಒಳಗಿನ ಮಾತು. ಮೊದಲು ಕನ್ನಡದಲ್ಲೇ ಬರ್ಕೋ, ನಾನೂ ಹಾಗೇ ಮಾಡ್ತೀನಿ:

"ಪ್ರೋಬ್ ಫಂಕ್ಷನ್ ಮೊದಲು ಬಫರ್‌ಗೆ ಮೆಮೊರಿ ತಗೊಳ್ಳುತ್ತೆ, ಆಮೇಲೆ ಕ್ಲಾಕ್ ಕೇಳುತ್ತೆ. ಕ್ಲಾಕ್ ಸಿಗದೇ ಇದ್ರೆ ಬಫರ್ ಬಿಡುಗಡೆ ಮಾಡದೇ ವಾಪಸ್ ಹೋಗುತ್ತೆ. ಪ್ರತಿ ಸಲ ಪ್ರೋಬ್ ಸೋತಾಗ ಅಷ್ಟು ಮೆಮೊರಿ ಕಳೆದುಹೋಗುತ್ತೆ. ವಾಪಸ್ ಹೋಗೋ ಮುಂಚೆ ಬಫರ್ ಬಿಡುಗಡೆ ಮಾಡು."

ನಾಲ್ಕೇ ಸಾಲು ನೋಡು. ಕೋಡ್ ಏನು ಮಾಡ್ತಿತ್ತು, ಎಲ್ಲಿ ತಪ್ಪುತ್ತೆ, ಅದರಿಂದ ಏನು ನಷ್ಟ, ಈಗ ಏನು ಮಾಡ್ಬೇಕು. ಇದನ್ನ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಮಾಡು, ಒಂದು ವಾಕ್ಯದಲ್ಲಿ ಒಂದೇ ಸಂಗತಿ, ಒಂದು ಸಾಲಲ್ಲಿ 75 ಅಕ್ಷರ ದಾಟದಂಗೆ. ಟೆಸ್ಟ್ ಹೇಗೆ ಮಾಡಿದೆ ಅಂತಾನೂ ಒಂದು ಸಾಲು ಇರ್ಲಿ, ಹಾರ್ಡ್‌ವೇರ್ ಇಲ್ದೇ ಬರೀ ಕಂಪೈಲ್ ಮಾಡಿ ನೋಡಿದ್ರೆ ಹಾಗೇ ಹೇಳು, ಅದನ್ನ ಹೇಳೋದು ತಪ್ಪಲ್ಲ, ಮುಚ್ಚಿಡೋದು ತಪ್ಪು. ಲೀಕ್ ಯಾವ ಕಮಿಟ್‌ನಿಂದ ಬಂತು ಅಂತ ಗಿಟ್ ಬ್ಲೇಮ್‌ನಲ್ಲಿ (ಯಾವ ಸಾಲು ಯಾವ ಕಮಿಟ್‌ನಲ್ಲಿ ಬಂತು ಅಂತ ತೋರಿಸೋ ಕಮಾಂಡ್) ಹುಡುಕಿ ಕೆಳಗೆ ಫಿಕ್ಸಸ್ ಅಂತ ಒಂದು ಸಾಲು, ಮುಂದೆ ಆ ಕಮಿಟ್ ಐಡಿಯ ಮೊದಲ 12 ಅಕ್ಷರ, ಬ್ರಾಕೆಟ್‌ನಲ್ಲಿ ಅದರ ಶೀರ್ಷಿಕೆ. ಆ ಸಾಲು ಇದ್ರೆ ಹಳೇ ಸ್ಟೇಬಲ್ ಕರ್ನಲ್ ನೋಡ್ಕೊಳ್ಳೋರಿಗೆ ನಿನ್ನ ತೇಪೆ ತಮಗೂ ಬೇಕಾ ಬೇಡ್ವಾ ಅಂತ ತಕ್ಷಣ ಗೊತ್ತಾಗುತ್ತೆ. ಕಳಿಸಿದ ಮೇಲೆ ನಮಗೊಂದು ಪತ್ರ ಹಾಕು.

ಪ್ರಶ್ನೆ: ಗಿಟ್‌ಹಬ್‌ನಲ್ಲಿ ಒಂದು ಪ್ರಾಜೆಕ್ಟ್‌ನ ರೀಡ್‌ಮಿ (ಪರಿಚಯದ) ಫೈಲ್‌ಗೆ ನನ್ನ ಹೆಸರು ಸೇರಿಸಿ ಪುಲ್ ರಿಕ್ವೆಸ್ಟ್ ಹಾಕಿದೆ, ವಿಡಿಯೋದಲ್ಲಿ ಹಾಗೇ ಹೇಳ್ಕೊಟ್ಟಿದ್ರು. ಒಂದು ಮಾತೂ ಹೇಳ್ದೆ ಕ್ಲೋಸ್ ಮಾಡಿದ್ರು. ಬೇಜಾರಾಯ್ತು.
(ಉಡುಪಿ)

ನಿಮ್ಮ ಬೇಜಾರು ಅರ್ಥ ಆಗುತ್ತೆ, ಆದ್ರೆ ಆ ಕಡೆ ಕೂತಿರೋರ ಕಷ್ಟಾನೂ ಹೇಳ್ಬೇಕು ನಾನು. 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, ಅಂದ್ರೆ ಓಪನ್ ಸೋರ್ಸ್‌ಗೆ ಜನರನ್ನ ಸೇರಿಸೋಕೆ ಅಕ್ಟೋಬರ್‌ನಲ್ಲಿ ನಡೆಯೋ ಕಾರ್ಯಕ್ರಮದಲ್ಲಿ, ನಾಲ್ಕು ಪುಲ್ ರಿಕ್ವೆಸ್ಟ್ ಹಾಕಿದ್ರೆ ಟೀಶರ್ಟ್ ಅಂತ ಇತ್ತು, ಒಂದೇ ವಾರದಲ್ಲಿ ಪ್ರಪಂಚದ ಎಷ್ಟೋ ಪ್ರಾಜೆಕ್ಟ್‌ಗೆ ರೀಡ್‌ಮಿಯಲ್ಲಿ ಒಂದು ಪದ ಸೇರಿಸಿದ ಪುಲ್ ರಿಕ್ವೆಸ್ಟ್ ಸುರಿಮಳೆ, ಕೊನೆಗೆ ಪ್ರಾಜೆಕ್ಟಿನವ್ರೇ ಒಪ್ಪಿದ್ರೆ ಮಾತ್ರ ಲೆಕ್ಕ ಅಂತ ನಿಯಮ ಬದಲಾಯಿಸ್ಬೇಕಾಯ್ತು. 2024ರಲ್ಲಿ ಎಕ್ಸ್‌ಪ್ರೆಸ್ ಜೆಎಸ್ ಅನ್ನೋ ವೆಬ್ ಪ್ರಾಜೆಕ್ಟ್‌ಗೂ ಹೀಗೇ ಆಯ್ತು, ಒಂದು ಪಾಠದ ವಿಡಿಯೋ ನೋಡಿ ಸಾಲು ಸಾಲಾಗಿ ಹುಡುಗ್ರು ತಮ್ಮ ಹೆಸರು ಸೇರಿಸೋಕೆ ಹೋದ್ರು, ಅದರಲ್ಲಿ ನಮ್ಮ ದೇಶದವ್ರೇ ಹೆಚ್ಚು. ಪ್ರತಿಯೊಂದಕ್ಕೂ ಒಬ್ಬ ಮನುಷ್ಯನಿಗೆ ನೋಟಿಫಿಕೇಷನ್ ಹೋಗುತ್ತೆ, ಆತ ತೆಗೆದು ನೋಡ್ಬೇಕು. ಬಟನ್ ಒತ್ತೋದು ಕಲಿಯೋಕೆ ನಿಮ್ಮದೇ ಒಂದು ರೆಪೋ (ಕೋಡ್ ಇಡೋ ಜಾಗ) ಮಾಡ್ಕೊಂಡು ಫ್ರೆಂಡ್ ಜೊತೆ ಆಡಿ, ಎಷ್ಟು ಬೇಕಾದ್ರೂ. ಆಮೇಲೆ ಕ್ಲೋಸ್ ಮಾಡಿದ ಆ ಪ್ರಾಜೆಕ್ಟ್‌ನ ಕಾಂಟ್ರಿಬ್ಯೂಟಿಂಗ್ ಅನ್ನೋ ಫೈಲ್ ಓದಿ, ಗುಡ್ ಫಸ್ಟ್ ಇಶ್ಯೂ (ಹೊಸಬರಿಗೆ ಸರಿಹೋಗೋ ಕೆಲಸ) ಅಂತ ಲೇಬಲ್ ಇರೋದು ನೋಡಿ, ಲಿಬ್ರೆಆಫೀಸ್‌ನಲ್ಲಾದ್ರೆ ಈಸಿಹ್ಯಾಕ್ ಅಂತ ಕರೀತಾರೆ. ನಿಜವಾದ ಒಂದು ತಪ್ಪು ತಿದ್ದಿ ವಾಪಸ್ ಹೋಗಿ, ಹಳೇದನ್ನ ಯಾರೂ ನೆನಪಿಟ್ಕೊಂಡಿರಲ್ಲ.

ಪ್ರಶ್ನೆ: ಐದು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದೀನಿ. ಪ್ಯಾಚ್ ಕೆಳಗೆ ಸೈನ್ಡ್-ಆಫ್-ಬೈ ಅಂತ ಹಾಕ್ಬೇಕಂತೆ, ಹಾಕದೇ ಇದ್ರೆ ತಗೊಳ್ಳಲ್ವಂತೆ. ಹಾಕಿದ್ರೆ ನಾಳೆ ಕಂಪನಿ ಕಡೆಯಿಂದ ಏನಾದ್ರೂ ತೊಂದ್ರೆ ಆಗುತ್ತಾ?
(ಬೆಂಗಳೂರು, ಬನಶಂಕರಿ)

ಕೇಳಿದ್ದು ತುಂಬಾ ಒಳ್ಳೇದಾಯ್ತು. ಹೆಚ್ಚಿನವ್ರು ಗಿಟ್ ಕಮಿಟ್‌ಗೆ ಮೈನಸ್ ಎಸ್ ಸೇರಿಸಿದ್ರೆ ಆ ಸಾಲು ತಾನೇ ಬರುತ್ತೆ ಅಂತ ಕಲಿತು ಅಲ್ಲಿಗೇ ಬಿಡ್ತಾರೆ, ಅದು ಅಲಂಕಾರಕ್ಕೆ ಹಾಕಿದ ಸಾಲಲ್ಲ, ರುಜು. 2003ರಲ್ಲಿ ಎಸ್‌ಸಿಓ ಅನ್ನೋ ಕಂಪನಿ ಲಿನಕ್ಸ್‌ನಲ್ಲಿ ನಮ್ಮ ಯೂನಿಕ್ಸ್ ಕೋಡ್ ಸೇರಿದೆ ಅಂತ ಐಬಿಎಂ ಮೇಲೆ ಕೇಸ್ ಹಾಕ್ತು. ಯಾವ ಸಾಲು ಯಾರ ಕೈಯಿಂದ ಬಂತು ಅಂತ ತೋರಿಸೋಕೆ ಒಂದು ಕ್ರಮ ಬೇಕು ಅಂತ ಆಗ ಎಲ್ಲರಿಗೂ ಅನ್ನಿಸ್ತು, 2004ರಲ್ಲಿ ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್ ಅಂತ ಒಂದು ಪುಟ್ಟ ಒಡಂಬಡಿಕೆ ಬಂತು, ಸೈನ್ಡ್-ಆಫ್-ಬೈ ಅಂದ್ರೆ ನೀವು ಅದಕ್ಕೆ ಒಪ್ಪಿದೀರಿ ಅಂತ. ಇದನ್ನ ನಾನೇ ಬರೆದಿದ್ದು, ಇಲ್ಲಾ ಸರಿಯಾದ ಲೈಸೆನ್ಸ್ ಇರೋ ಕೋಡ್‌ನಿಂದ ತಗೊಂಡಿದ್ದು, ಇದನ್ನ ಕೊಡೋ ಹಕ್ಕು ನನಗಿದೆ, ನನ್ನ ಹೆಸರು ಮೇಲ್ ವಿಳಾಸ ಯಾವತ್ತೂ ಎಲ್ಲರಿಗೂ ಕಾಣೋ ಹಾಗೆ ಉಳಿಯುತ್ತೆ ಅಂತ ನನಗೆ ಗೊತ್ತು, ಇಷ್ಟು ಅದರ ಸಾರ. ಹೆಸರು ಮುಚ್ಚಿಟ್ಟು ಕಳಿಸೋದು ನಡೆಯಲ್ಲ.

ನಿಮ್ಮ ವಿಷಯದಲ್ಲಿ ತೂಕ ಇರೋದು "ಕೊಡೋ ಹಕ್ಕು ನನಗಿದೆ" ಅನ್ನೋ ಮಾತಿಗೆ. ನಾನು ಹಿಂದೆ ಇದ್ದ ಒಂದು ಕಡೆ, ಊಟದ ಹೊತ್ತಲ್ಲಿ ಆಫೀಸ್ ಲ್ಯಾಪ್‌ಟಾಪ್‌ನಲ್ಲೇ ಎರಡು ಸಾಲಿನ ಒಂದು ತಿದ್ದುಪಡಿ ಕಳಿಸಿದೆ. ಮೂರು ದಿನ ಆದ್ಮೇಲೆ ಕರೆದು ಕೂರಿಸಿ ಅಪಾಯಿಂಟ್‌ಮೆಂಟ್ ಲೆಟರ್‌ನ ಹನ್ನೊಂದನೇ ಪುಟ ತೋರಿಸಿದ್ರು, ಕೆಲಸದಲ್ಲಿರೋವರೆಗೂ ನೀನು ಬರೆದ ಎಲ್ಲಾ ಕೋಡ್ ನಮ್ಮದು ಅಂತ ಅಲ್ಲಿತ್ತು. ಮೇಂಟೇನರ್‌ಗೆ ಬರೆದು ಆ ಪ್ಯಾಚ್ ಬಿಟ್ಟುಬಿಡಿ ಅಂತ ಕೇಳ್ಬೇಕಾಯ್ತು, ಆ ಮನುಷ್ಯ ಕಾರಣಾನೂ ಕೇಳ್ದೆ ಕೈಬಿಟ್ರು, ಆದ್ರೆ ಆ ಮೇಲ್ ಬರೆಯೋವಾಗ ಎಷ್ಟು ಸಂಕಟ ಆಯ್ತು ಅಂತ ಇವತ್ತಿಗೂ ನೆನಪಿದೆ. ನಿಮ್ಮ ಲೆಟರ್ ತೆಗೆದು ಓದಿ. ಮ್ಯಾನೇಜರ್ ಬಾಯಲ್ಲಿ ಪರವಾಗಿಲ್ಲ ಅಂದ್ರೆ ಸಾಲದು, ಎಚ್‌ಆರ್ ಇಲ್ಲಾ ಲೀಗಲ್‌ನವ್ರಿಂದ ಮೇಲ್‌ನಲ್ಲಿ ಒಂದು ಸಾಲು ಒಪ್ಪಿಗೆ ತಗೊಳ್ಳಿ. ಎಷ್ಟೋ ಕಂಪನಿಗಳಲ್ಲಿ ಇದಕ್ಕೆ ಅಂತಾನೇ ಫಾರ್ಮ್ ಇರುತ್ತೆ, ಕೇಳಿದ್ರೆ ಕೊಡ್ತಾರೆ.

ಪ್ರಶ್ನೆ: ಚಾಟ್‌ಜಿಪಿಟಿ ಕೈಲಿ ಬರೆಸಿದ ಪ್ಯಾಚ್ ಕಳಿಸ್ಬಹುದಾ?
(ದಾವಣಗೆರೆ)

ಪ್ರಾಜೆಕ್ಟ್ ಮೇಲೆ ಹೋಗುತ್ತೆ. ಜೆಂಟೂ ಅನ್ನೋ ಲಿನಕ್ಸ್ ವಿತರಣೆಯವ್ರು 2024ರಲ್ಲೇ ಬೇಡ ಅಂತ ಹೇಳಿಬಿಟ್ರು. ಕರ್ನಲ್‌ನಲ್ಲಿ ಸಹಾಯ ತಗೋಬಹುದು, ತಗೊಂಡಿದ್ರೆ ಹೇಳ್ಬೇಕು, ಆದ್ರೆ ಸೈನ್ಡ್-ಆಫ್-ಬೈ ಹಾಕೋದು ಮನುಷ್ಯರೇ, ಮೇಲೆ ಹೇಳಿದ ರುಜುವಿನ ಹೊಣೆ ಪೂರ್ತಿ ನಿಮ್ಮದೇ. ನನ್ನ ಅಭಿಪ್ರಾಯ ಕೇಳಿದ್ರೆ, ಮೊದಲ ಐದು ಪ್ಯಾಚ್ ಸ್ವಂತ ಕೈಯಲ್ಲೇ ಮಾಡಿ. ರಿವ್ಯೂ ಮಾಡೋರು ಈ ಸಾಲು ಯಾಕೆ ಇಲ್ಲಿದೆ ಅಂತ ಕೇಳೇ ಕೇಳ್ತಾರೆ, ಉತ್ತರ ನಿಮ್ಮ ಹತ್ರ ಇಲ್ದೇ ಮತ್ತೆ ಅದಕ್ಕೇ ಹೋಗಿ ಕೇಳಿ ತಂದು ಅಂಟಿಸಿದ್ರೆ ಎರಡನೇ ಮೇಲ್‌ನಲ್ಲೇ ಅವ್ರಿಗೆ ಗೊತ್ತಾಗುತ್ತೆ. ಕರ್ಲ್ ಅನ್ನೋ ಪ್ರಾಜೆಕ್ಟ್‌ನ ಡೇನಿಯಲ್ ಸ್ಟೆನ್‌ಬರ್ಗ್ 2024ರಿಂದ ಇದನ್ನೇ ಹೇಳ್ತಾ ಬಂದಿದಾರೆ, ಎಐ ಕೈಲಿ ಬರೆಸಿದ, ನೋಡೋಕೆ ಅಚ್ಚುಕಟ್ಟಾಗಿರೋ ಸುಳ್ಳು ಬಗ್ ರಿಪೋರ್ಟ್ ಓದಿ ಓದಿ ನಿಜವಾದ ಕೆಲಸಕ್ಕೆ ಹೊತ್ತೇ ಉಳೀತಿಲ್ಲ ಅಂತ.

ಪ್ರಶ್ನೆ: ಮೂರು ವಾರ ಆಯ್ತು ಪ್ಯಾಚ್ ಕಳಿಸಿ, ಉತ್ತರ ಇಲ್ಲ. ನನ್ನ ಜೊತೆಯವನಿಗೆ ಉತ್ತರ ಬಂತು, ಆದ್ರೆ ಇಪ್ಪತ್ತು ಕಡೆ ತಪ್ಪು ಹಿಡಿದಿದಾರೆ, ಅವನು ಇನ್ನು ಆ ಕಡೆ ತಲೆ ಹಾಕಲ್ಲ ಅಂತಾನೆ. ಇಬ್ಬರಿಗೂ ಏನು ಹೇಳ್ತೀರಾ?
(ಶಿವಮೊಗ್ಗ)

ಜೊತೆಯವ್ರ ವಿಷಯ ಮೊದಲು. ಇಪ್ಪತ್ತು ಕಡೆ ಗುರುತು ಹಾಕಿದಾರೆ ಅಂದ್ರೆ ಒಬ್ಬ ಮನುಷ್ಯ ತನ್ನ ಸಂಜೆ ಕೂತು ಅವ್ರ ಕೋಡ್ ಸಾಲು ಸಾಲು ಓದಿದಾರೆ ಅಂತ, ಕಾಲೇಜಲ್ಲಿ ಯಾರು ಹಾಗೆ ಓದ್ತಾರೆ ಹೇಳಿ. ಬೇಡವಾದ ಪ್ಯಾಚ್‌ಗೆ ಯಾರೂ ಇಪ್ಪತ್ತು ಸಾಲು ಬರೆಯಲ್ಲ. ನಿಟ್ ಅಂತ ಇದ್ರೆ ಅದು ಚಿಲ್ಲರೆ ವಿಷಯ, ನ್ಯಾಕ್ ಅಂತ ಇದ್ರೆ ಈ ರೂಪದಲ್ಲಿ ಬೇಡ ಅಂತ ಅರ್ಥ, ಅದಕ್ಕೂ ಕಾರಣ ಕೇಳ್ಬಹುದು. ಒಂದೊಂದು ಮಾತಿಗೂ ಅದರ ಕೆಳಗೇ ಉತ್ತರ ಬರೀಬೇಕು, ಎಲ್ಲಾ ಮೇಲುಗಡೆ ಒಟ್ಟಿಗೆ ಬರೆದ್ರೆ ಯಾವುದಕ್ಕೆ ಯಾವುದು ಅಂತ ತಿಳಿಯಲ್ಲ. ಒಪ್ಪಿಗೆ ಇಲ್ದೇ ಇದ್ರೆ ಇಲ್ಲ ಅಂತ ಕಾರಣ ಕೊಟ್ಟು ಹೇಳ್ಬಹುದು, ತಪ್ಪೇನಿಲ್ಲ. ಆಮೇಲೆ ಎಲ್ಲಾ ತಿದ್ದಿ ಸಬ್ಜೆಕ್ಟ್‌ನಲ್ಲಿ ಪ್ಯಾಚ್ ವಿ2 ಅಂತ ಹಾಕಿ ಪೂರ್ತಿ ಹೊಸದಾಗಿ ಕಳಿಸ್ಬೇಕು, ಮೂರು ಅಡ್ಡಗೆರೆ ಇರುತ್ತಲ್ಲ ಅದರ ಕೆಳಗೆ ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಯ್ತು ಅಂತ ಬರೀಬೇಕು. ಆ ಗೆರೆ ಕೆಳಗಿನ ಮಾತು ಓದೋರಿಗೆ ಮಾತ್ರ, ಇತಿಹಾಸಕ್ಕೆ ಸೇರಲ್ಲ. ವಿ5, ವಿ8ವರೆಗೆ ಹೋಗೋದು ಅಲ್ಲಿ ದಿನನಿತ್ಯದ ಮಾತು, ದೊಡ್ಡ ದೊಡ್ಡವ್ರದ್ದೂ ಹೋಗುತ್ತೆ. ಮಾತು ಒರಟು ಅನ್ಸಿದ್ರೆ, ಮೊದಲು ಇನ್ನೂ ಒರಟಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಟೊರ್ವಾಲ್ಡ್ಸ್ ತಮ್ಮ ಕಟು ಮೇಲ್‌ಗಳಿಗೆ ಎಲ್ಲರ ಮುಂದೆ ಕ್ಷಮೆ ಕೇಳಿ ಸ್ವಲ್ಪ ದಿನ ಪಕ್ಕಕ್ಕೆ ಸರಿದ್ರು, ಕೋಡ್ ಆಫ್ ಕಂಡಕ್ಟ್ ಬಂದಿದ್ದೂ ಆಗಲೇ.

ಇನ್ನು ನಿಮ್ಮ ಮೂರು ವಾರ. ಕರ್ನಲ್‌ಗೆ ಒಂಬತ್ತು ಹತ್ತು ವಾರಕ್ಕೊಂದು ಬಿಡುಗಡೆ. ಬಿಡುಗಡೆ ಆದ ಮೇಲೆ ಎರಡು ವಾರ ಮರ್ಜ್ ವಿಂಡೋ (ಹೊಸ ಕೋಡ್ ಸೇರಿಸ್ಕೊಳ್ಳೋ ಅವಧಿ) ತೆರೆದಿರುತ್ತೆ, ಹತ್ತು ಸಾವಿರಕ್ಕೂ ಹೆಚ್ಚು ಕಮಿಟ್ ಆ ಎರಡೇ ವಾರದಲ್ಲಿ ಒಳಗೆ ಹೋಗುತ್ತೆ, ಆಗ ಮೇಂಟೇನರ್‌ಗಳಿಗೆ ಹೊಸ ಪ್ಯಾಚ್ ನೋಡೋಕೆ ಪುರುಸೊತ್ತಿರಲ್ಲ, ನೆಟ್‌ವರ್ಕಿಂಗ್‌ನವ್ರಂತೂ ಹೊಸ ಫೀಚರ್‌ಗೆ ಬಾಗಿಲೇ ಹಾಕಿರ್ತಾರೆ. ನೀವು ಕಳಿಸಿದ ದಿನ ಆ ಎರಡು ವಾರದೊಳಗೆ ಬಿದ್ದಿದ್ಯಾ ನೋಡಿ, ಬಿದ್ದಿದ್ರೆ ಆರ್‌ಸಿ1 (ಮುಂದಿನ ಬಿಡುಗಡೆಯ ಮೊದಲ ಪರೀಕ್ಷಾ ಆವೃತ್ತಿ) ಬಂದ ಮೇಲೆ ಮತ್ತೆ ಕಳಿಸಿ. ಬಿದ್ದಿಲ್ಲ ಅಂದ್ರೆ ಅದೇ ಮೇಲ್‌ಗೆ ಉತ್ತರವಾಗಿ ಮರ್ಯಾದೆಯಿಂದ ಒಂದು ಸಾಲು ಬರೆದು ನೆನಪಿಸಿ, ಮೂರು ವಾರ ಆದ್ಮೇಲೆ ನೆನಪಿಸೋದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಒಂದು ವಾರದೊಳಗೆ ಮಾತ್ರ ಬೇಡ. ಕಾಯ್ತಾ ಇರೋವಾಗ ಅದೇ ಲಿಸ್ಟ್‌ನಲ್ಲಿ ಬೇರೆಯವ್ರ ಪ್ಯಾಚ್ ನಿಮ್ಮ ಹಾರ್ಡ್‌ವೇರ್‌ಗೆ ಸಂಬಂಧಪಟ್ಟಿದ್ದು ಇದ್ರೆ ಹಾಕಿ ಓಡಿಸಿ ನೋಡಿ, ಕೆಲಸ ಮಾಡಿದ್ರೆ ಟೆಸ್ಟೆಡ್-ಬೈ ಅಂತ ನಿಮ್ಮ ಹೆಸರು ಬರೆದು ಉತ್ತರ ಹಾಕಿ, ಅದೂ ಕಮಿಟ್ ಜೊತೆ ಶಾಶ್ವತವಾಗಿ ಸೇರುತ್ತೆ.

ಪ್ರಶ್ನೆ: ನಾನು ನಿವೃತ್ತ ಕನ್ನಡ ಉಪನ್ಯಾಸಕ. ಕೋಡ್ ಬರೆಯಲು ಬಾರದು. ಆದರೆ ಕಂಪ್ಯೂಟರಿನಲ್ಲಿ ಕನ್ನಡ ತಪ್ಪಾಗಿ ಮೂಡಿದಾಗ ಬಹಳ ನೋವಾಗುತ್ತದೆ. ನನ್ನಂಥವರಿಂದ ಏನಾದರೂ ಸಾಧ್ಯವೇ?
(ಕಾಸರಗೋಡು)

ಸರ್, ನಿಮ್ಮಂಥವ್ರು ಇಲ್ದೇ ಇರೋದಕ್ಕೇ ಎಷ್ಟೋ ತಪ್ಪು ವರ್ಷಗಟ್ಲೆ ಹಾಗೇ ಉಳಿದಿದೆ. ನೀವೇ ಪತ್ರದಲ್ಲಿ ಬರೆದಿರೋ ಉದಾಹರಣೆ ತಗೋತೀನಿ. ಸೂರ್ಯ ಅನ್ನೋವಾಗ ಅರ್ಕಾವತ್ತು ಬರ್ಬೇಕು, ರ‍್ಯಾಂಕ್ ಅನ್ನೋವಾಗ ರಕಾರ ಹಾಗೇ ನಿಂತು ಕೆಳಗೆ ಯ ಒತ್ತು ಬರ್ಬೇಕು. ಯೂನಿಕೋಡ್‌ನಲ್ಲಿ ಎರಡಕ್ಕೂ ಅದೇ ರ, ಅದೇ ಹಲಂತ, ಅದೇ ಯ. ವ್ಯತ್ಯಾಸ ಮಾಡೋದು ರ ಆದ್ಮೇಲೆ ಹಲಂತಕ್ಕೆ ಮುಂಚೆ ಬರೋ ಒಂದು ಕಾಣದ ಅಕ್ಷರ, ಜೀರೋ ವಿಡ್ತ್ ಜಾಯ್ನರ್ ಅಂತ ಅದರ ಹೆಸರು. ಕೀಬೋರ್ಡ್ ಅದನ್ನ ಹಾಕದೇ ಇದ್ರೆ ರ್ಯಾಂಕ್ ಅಂತ ಮೂಡುತ್ತೆ, ಹಾಕಿದ್ರೂ ಫಾಂಟ್‌ಗೆ ಗೊತ್ತಿಲ್ದೇ ಇದ್ರೆ ಆಗ್ಲೂ ತಪ್ಪೇ.

ತಪ್ಪು ಎಲ್ಲಿದೆ ಅಂತ ಹಿಡಿಯೋಕೆ ಕೋಡ್ ಬೇಡ ಸರ್. ಅದೇ ಪದವನ್ನ ಬೇರೆ ಬೇರೆ ಫಾಂಟ್‌ನಲ್ಲಿ ಇಟ್ಟು ನೋಡಿ, ಗುಬ್ಬಿ, ನವಿಲು, ಲೋಹಿತ್, ನೋಟೊ ಎಲ್ಲಾ ಉಚಿತವಾಗಿ ಸಿಗುತ್ವೆ. ಒಂದರಲ್ಲಿ ಮಾತ್ರ ತಪ್ಪಿದ್ರೆ ಫಾಂಟ್ ಪ್ರಾಜೆಕ್ಟ್‌ಗೆ ಹೇಳ್ಬೇಕು. ಎಲ್ಲದರಲ್ಲೂ ತಪ್ಪಿದ್ರೆ ಮೊದಲು ಟೈಪ್ ಆಗಿದ್ದೇ ಸರಿ ಇದ್ಯಾ ನೋಡ್ಬೇಕು, ಅದು ಸರಿ ಇದ್ರೆ ಅಕ್ಷರ ಜೋಡಿಸೋ ಹಾರ್ಫ್‌ಬಜ್‌ಗೆ, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಎಲ್ಲಾ ಕಡೆ ಅದೇ ಇರೋದು. ಏನು ಟೈಪ್ ಮಾಡಿದೆ, ಏನು ಬಂತು, ಏನು ಬರ್ಬೇಕಿತ್ತು, ಯಾವ ಫಾಂಟ್, ಒಂದು ಚಿತ್ರ, ಇಷ್ಟಿದ್ರೆ ಒಳ್ಳೆ ಬಗ್ ರಿಪೋರ್ಟ್.

ಕನ್ನಡ ವಿಕಿಪೀಡಿಯದಲ್ಲಿ ಬರೆಯೋವಾಗ ಕೀಬೋರ್ಡ್ ಆಯ್ಕೆ ಬರುತ್ತಲ್ಲ, ಅದರ ಹಿಂದಿರೋದು ಜೆಕ್ವೆರಿ ಐಎಂಇ ಅನ್ನೋ ಓಪನ್ ಸೋರ್ಸ್ ಪ್ರಾಜೆಕ್ಟು. ಒಂದೊಂದು ಕೀಲಿವಿನ್ಯಾಸಕ್ಕೂ ಒಂದು ಪುಟ್ಟ ಫೈಲು, ಈ ಕೀ ಒತ್ತಿದ್ರೆ ಈ ಅಕ್ಷರ ಅಂತ ಸಾಲು ಸಾಲು. ಟೆಸ್ಟ್ ಫೈಲ್‌ನಲ್ಲೂ ಅಷ್ಟೇ, ಒತ್ತಿದ್ದು ಇದು, ಬರ್ಬೇಕಾದ್ದು ಇದು ಅಂತ ಜೋಡಿ. ನೀವು ನಿಮ್ಮ ಅನುಭವದಿಂದ ತಪ್ಪಾಗೋ ಪದಗಳ ಪಟ್ಟಿ ಮಾಡಿ ಕಳಿಸಿ, ಒತ್ತಿದ ಕೀಗಳು ಒಂದು ಕಡೆ, ಸರಿಯಾದ ರೂಪ ಇನ್ನೊಂದು ಕಡೆ. ತುಮಕೂರಿನ ವಿದ್ಯಾರ್ಥಿನಿ ಈ ಪುಟ ಓದ್ತಿದ್ರೆ, ಕರ್ನಲ್‌ಗೆ ಹೋಗೋ ಮುಂಚೆ ಈ ಪಟ್ಟೀನ ಟೆಸ್ಟ್ ಸಾಲುಗಳಾಗಿ ಮಾಡಿ ಒಂದು ಪ್ಯಾಚ್ ಕಳಿಸೋಕೆ ಮನಸ್ಸಿದ್ಯಾ ಅಂತ ನಮಗೊಂದು ಕಾರ್ಡ್ ಹಾಕಿ. ಇಬ್ಬರೂ ಒಪ್ಪಿದ್ರೆ ವಿಳಾಸ ನಾವೇ ತಲುಪಿಸ್ತೀವಿ.